ಬೌಲಿಂಗ್ ಮಷೀನ್‌ಗೆ ಗಾಡಿ ಬ್ಯಾಟರಿ ಹಾಕಿದೆವು, ವೈರ್ ಕರಗಿತು. ಎಲ್ಲಿ ತಪ್ಪಿದೆವು?

ಹೊಲದಂಚಿನ_ಪಿಚ್:

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನ ಹತ್ತಿರ ಒಂದು ಹಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇವೆ. ಶಾಲೆ ಮೈದಾನದ ಮೂಲೆಯಲ್ಲಿ ಒಂದೇ ಒಂದು ನೆಟ್. ಕರೆಂಟ್ ಕಂಬ ಇರುವುದು ರಸ್ತೆಯಾಚೆ. ಹೋದ ತಿಂಗಳು ಊರಲ್ಲಿ ಚಂದಾ ಎತ್ತಿ ಸೆಕೆಂಡ್ ಹ್ಯಾಂಡ್ ಬೌಲಿಂಗ್ ಮಷೀನ್ ತಂದೆವು. ಎರಡು ಚಕ್ರ ತಿರುಗಿ ಬಾಲ್ ಎಸೆಯುವಂಥದ್ದು, 12 ವೋಲ್ಟ್ ಡಿಸಿ, ಅಂದರೆ ಬ್ಯಾಟರಿ ಕರೆಂಟಿನದ್ದು. ಬ್ಯಾಟರಿ ಅಂತ ಗೆಳೆಯನ ಡೀಸೆಲ್ ಗಾಡಿಯಿಂದ ತೆಗೆದಿಟ್ಟಿದ್ದ 65 ಎಎಚ್‌ನದ್ದು (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋದರ ಅಳತೆ) ಸಿಕ್ಕಿತು. ಮನೆ ವೈರಿಂಗ್ ಮಾಡಿ ಉಳಿದಿದ್ದ 1.5 ಸ್ಕ್ವೇರ್ ಎಂಎಂ ವೈರು ಹತ್ತು ಮೀಟರ್ ಇತ್ತು. ಅದನ್ನೇ ಕಟ್ಟಿದೆವು. ಬ್ಯಾಟರಿ ಮಷೀನ್ ಪಕ್ಕದಲ್ಲೇ ಇತ್ತು. ಹಾಗಾಗಿ ಉಳಿದ ವೈರನ್ನು ಸುರುಳಿ ಸುತ್ತಿ ಕೆಳಗಿಟ್ಟೆವು.

ಮೊದಲ ಮೂವತ್ತು ಬಾಲ್ ಚೆನ್ನಾಗಿ ಬಂತು. ಆಮೇಲೆ ಅದೇ ಸ್ಪೀಡ್ ಇಟ್ಟರೂ ಬಾಲ್ ಗಿಡ್ಡ ಬೀಳತೊಡಗಿತು. ಹುಡುಗರು ಡಯಲ್ ಏರಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಸುರುಳಿಯ ಒಳಗಿನ ಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೈ ಇಡೋಕೆ ಆಗುತ್ತಿರಲಿಲ್ಲ.

ಮುಂದಿನ ವಾರ ಇನ್ನೊಂದಾಯಿತು. ಪಾಸಿಟಿವ್ ನಟ್ ಬಿಗಿ ಮಾಡುವಾಗ ಸ್ಪ್ಯಾನರ್‌ನ ಇನ್ನೊಂದು ತುದಿ ನೆಗೆಟಿವ್‌ಗೆ ತಾಗಿತು. ಚಟ್ ಅಂತ ನೀಲಿ ಬೆಳಕು. ಸ್ಪ್ಯಾನರ್ ಅಲ್ಲೇ ಹಿಡಿದುಕೊಂಡುಬಿಟ್ಟಿತು. ಒಬ್ಬ ಹುಡುಗ ಕಟ್ಟಿಗೆಯಿಂದ ಹೊಡೆದು ಬಿಡಿಸಿದ. ಅದರ ಬಾಯಲ್ಲಿ ಈಗಲೂ ಕಡಲೆಕಾಳಿನಷ್ಟು ಲೋಹ ಕರಗಿಹೋದ ಗುಳಿ ಇದೆ. ಆ ಹುಡುಗ ಒಂಬತ್ತನೇ ಕ್ಲಾಸು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

12 ವೋಲ್ಟ್ ಅಲ್ವಾ, ಏನೂ ಮಾಡಲ್ಲ ಅಂತಲೇ ನಾನು ತಿಳಿದಿದ್ದೆ. ಎಲ್ಲಿ ತಪ್ಪಿದೆವು? ಯಾವ ಬ್ಯಾಟರಿ, ಯಾವ ವೈರ್ ಹಾಕಬೇಕು? ಮನೆ ಇನ್ವರ್ಟರ್ ತಂದು ಇಡಬಹುದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮತ್ತೆ ಶುರು ಮಾಡುವ ಮುಂಚೆ ಸರಿ ಮಾಡಿಕೊಳ್ಳಬೇಕು.

ವೈರ್‌ಮನ್_ತುಮಕೂರು:

ಅಣ್ಣ, ಮೊದಲು ಮಷೀನ್ ನಿಲ್ಲಿಸಿದಿರಲ್ಲ, ಅದು ಒಳ್ಳೇದಾಯಿತು. 12 ವೋಲ್ಟ್ ಒಣ ಕೈಗೆ ಶಾಕ್ ಹೊಡೆಯಲ್ಲ, ನಿಜ. ಆದರೆ ಸುಡುತ್ತೆ. ಎರಡೂ ಬೇರೆ ಬೇರೆ. ಶಾಕ್ ಹೊಡೆಯೋದು ವೋಲ್ಟೇಜಿನ ಮೇಲೆ ನಿಂತಿದೆ. ಬೆಂಕಿ ಬರೋದು ಎಷ್ಟು ಆಂಪಿಯರ್ ಹರಿಯಿತು ಅನ್ನೋದರ ಮೇಲೆ. ಚೆನ್ನಾಗಿರುವ ಗಾಡಿ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಕಬ್ಬಿಣ ಅಡ್ಡ ಬಿದ್ದರೆ ಸಾವಿರ ಆಂಪಿಯರ್ ದಾಟಬಹುದು. ಅದು ಹೆಚ್ಚುಕಡಿಮೆ ವೆಲ್ಡಿಂಗ್ ಮಷೀನೇ. ನಿಮ್ಮ ಸ್ಪ್ಯಾನರ್ ಅಂಟಿದ್ದು ಅದಕ್ಕೇ. ಕೈಯಲ್ಲಿ ಉಂಗುರವೋ ಕಡಗವೋ ಇದ್ದು ಅದರ ಮೂಲಕ ಹರಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲೋಹ ಕಾದು ಬೆರಳು ಸುಟ್ಟುಹೋಗುತ್ತೆ. ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ವಾಚು, ಕಡಗ ಬಿಚ್ಚಿ ಜೇಬಿಗೆ ಹಾಕಿ. ಮಕ್ಕಳಿಗೆ ಇದು ಮೊದಲ ಪಾಠ ಆಗಬೇಕು.

ಈಗ ವೈರು. 1.5 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್ ಲೆಕ್ಕ. ನಿಮ್ಮದು ಹತ್ತು ಮೀಟರ್, ಹೋಗೋದು ಬರೋದು ಸೇರಿ ಇಪ್ಪತ್ತು. ಅಂದರೆ 0.24 ಓಮ್. ಮಷೀನ್ 15 ಆಂಪಿಯರ್ ಎಳೆದರೆ ದಾರಿಯಲ್ಲೇ 3.6 ವೋಲ್ಟ್ ಹೋಯಿತು. ಬ್ಯಾಟರಿಯಲ್ಲಿ 12.4 ಇದ್ದರೆ ಮೋಟಾರಿಗೆ ಸಿಕ್ಕಿದ್ದು 8.8. ಬಾಲ್ ಗಿಡ್ಡ ಬೀಳದೆ ಏನಾಗುತ್ತೆ? ದಾರಿಯಲ್ಲಿ ಹೋದ ಆ 3.6 ವೋಲ್ಟ್ ಎಲ್ಲೂ ಮಾಯವಾಗಲ್ಲ, ವೈರನ್ನೇ ಕಾಯಿಸುತ್ತೆ. ಸುಮಾರು 54 ವ್ಯಾಟ್. ನೆಲದ ಮೇಲೆ ಬಿಡಿಸಿ ಹಾಸಿದ್ದರೆ ಗಾಳಿಗೆ ಆರುತ್ತಿತ್ತು. ಸುರುಳಿ ಸುತ್ತಿದಿರಿ, ಬಿಸಿ ಒಳಗೇ ಕೂತಿತು. ಎಕ್ಸ್‌ಟೆನ್ಶನ್ ಬಾಕ್ಸ್ ವೈರಿಗೂ ಇದೇ ಮಾತು. ಸುರುಳಿಯಲ್ಲಿಟ್ಟು ಜಾಸ್ತಿ ಲೋಡ್ ಎಳೀಬಾರದು.

ಡಿಸಿ ಅಂದರೆ ವೈರ್ ಗಿಡ್ಡ, ದಪ್ಪ. ಇಷ್ಟೇ. 6 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರಾಂಡ್ ತಾಮ್ರ, ಮೂರು ಮೀಟರ್ ಸಾಕು. 20 ಆಂಪಿಯರ್ ಹರಿದರೂ ಅರ್ಧ ವೋಲ್ಟ್ ಕೂಡ ಹೋಗಲ್ಲ.

ಎಲ್ಲಕ್ಕಿಂತ ಮುಖ್ಯ ಫ್ಯೂಸ್. ನೀವು ಅದರ ಮಾತೇ ಎತ್ತಿಲ್ಲ. ಹಾಕಿಲ್ಲ ಅಂದುಕೊಳ್ಳುತ್ತೇನೆ. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನ ಒಳಗೆ ಫ್ಯೂಸ್ ಇರಲೇಬೇಕು. ಮಷೀನ್ ಹತ್ತಿರ ಹಾಕಿದರೆ ಉಪಯೋಗ ಕಡಿಮೆ. ನಡುವೆ ವೈರ್ ಉಜ್ಜಿ ಶಾರ್ಟ್ ಆದರೆ ಆ ಫ್ಯೂಸಿಗೆ ಗೊತ್ತೇ ಆಗಲ್ಲ. ಫ್ಯೂಸ್ ಇರುವುದು ಮಷೀನ್ ಕಾಯೋದಕ್ಕಲ್ಲ, ವೈರ್ ಕಾಯೋದಕ್ಕೆ. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೋಲ್ಡರ್ ಸಮೇತ ಬ್ಲೇಡ್ ಫ್ಯೂಸ್ ಸಿಗುತ್ತೆ. ಮಷೀನ್ ಎಷ್ಟು ಎಳೆಯುತ್ತೆ ನೋಡಿ, ಅದಕ್ಕಿಂತ ಕಾಲು ಭಾಗ ಜಾಸ್ತಿ ಇಡಿ. ವೈರ್ ತಡೆಯುವುದಕ್ಕಿಂತ ಕಡಿಮೆ ಇರಬೇಕು. ಫ್ಯೂಸ್ ಹೋಯಿತು ಅಂತ ತಾಮ್ರದ ಎಳೆ ಸುತ್ತುವ ಅಭ್ಯಾಸ ಮಾತ್ರ ಬೇಡ.

ಹೊಲದಂಚಿನ_ಪಿಚ್:

ಫ್ಯೂಸ್ ಹಾಕಿರಲಿಲ್ಲ ಅಣ್ಣ. ಮಷೀನ್ ಒಳಗೇ ಒಂದಿದೆಯಲ್ಲ, ಸಾಕು ಅಂದುಕೊಂಡೆವು. ಈಗ ಅರ್ಥ ಆಯಿತು. ಎಷ್ಟು ಆಂಪಿಯರ್ ಎಳೆಯುತ್ತೆ ಅಂತ ನೋಡೋದು ಹೇಗೆ? ಊರಿನ ಎಲೆಕ್ಟ್ರಿಷಿಯನ್ ಹತ್ತಿರ ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆ. ಹಿಡಿದರೆ ಸೊನ್ನೆ ತೋರಿಸುತ್ತೆ.

ವೈರ್‌ಮನ್_ತುಮಕೂರು:

ಅದು ಎಸಿ, ಅಂದರೆ ಮನೆ ಲೈನಿನ ಕರೆಂಟ್ ಮಾತ್ರ ಅಳೆಯುವ ಮೀಟರ್. ಡಿಸಿ ಕ್ಲ್ಯಾಂಪ್ ಬೇರೆ ಬರುತ್ತೆ. ಸೋಲಾರ್ ಕೆಲಸ ಮಾಡುವವರ ಹತ್ತಿರ ಕೇಳಿ, ಇರುತ್ತೆ. ಚಕ್ರ ತಿರುಗಲು ಶುರುವಾದಾಗ ಒಂದು ರೀಡಿಂಗ್, ಸುಮ್ನೆ ತಿರುಗುವಾಗ ಒಂದು, ಬಾಲ್ ಬಿಟ್ಟ ಕ್ಷಣ ಒಂದು. ಮೂರೂ ಬರೆದಿಟ್ಟುಕೊಳ್ಳಿ.

ಬ್ಯಾಟರಿ_ಕೆಲಸದವ:

ಹುಬ್ಬಳ್ಳಿಯಲ್ಲಿ ಬ್ಯಾಟರಿ ರಿಪೇರಿ, ಚಾರ್ಜಿಂಗ್ ನಮ್ಮ ಕೆಲಸ. ಬ್ಯಾಟರಿ ವಿಷಯ ನಾನು ಹೇಳುತ್ತೇನೆ ರೀ.

ಗಾಡಿ ಬ್ಯಾಟರಿ ಇರುವುದು ಇಂಜಿನ್ ಎಬ್ಬಿಸೋದಕ್ಕೆ. ಮೂರು ಸೆಕೆಂಡ್ ಜೋರಾಗಿ ಕೊಡುತ್ತೆ. ಆಮೇಲೆ ಆಲ್ಟರ್ನೇಟರ್ ಅದನ್ನು ತುಂಬುತ್ತೆ. ಅದರ ಒಳಗಿನ ಪ್ಲೇಟ್ ತೆಳ್ಳಗೆ, ಜಾಸ್ತಿ ಸಂಖ್ಯೆಯಲ್ಲಿ ಇರುತ್ತವೆ. ನೀವು ಎರಡು ತಾಸು ಒಂದೇ ಸಮ ಎಳೆದು ಖಾಲಿ ಮಾಡಿದರೆ ಆ ಪ್ಲೇಟ್ ಬಹಳ ದಿನ ತಡೆಯಲ್ಲ. ನಿಮಗೆ ಬೇಕಾಗಿರುವುದು ನಿಧಾನಕ್ಕೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವಂಥದ್ದು. ಇನ್ವರ್ಟರ್‌ನ ಟ್ಯೂಬ್ಯುಲರ್ ಬ್ಯಾಟರಿ ಆ ಜಾತಿಯದ್ದೇ. ಆದರೆ 150 ಎಎಚ್‌ನದ್ದು ಆಸಿಡ್ ಸೇರಿ 50 ಕೆಜಿ ಮೇಲೆ ತೂಗುತ್ತೆ, ದಿನಾ ಮೈದಾನಕ್ಕೆ ಹೊರೋಕೆ ಆಗಲ್ಲ. ಸೋಲಾರ್ ಅಂಗಡಿಯಲ್ಲಿ ಸಣ್ಣವು ಸಿಗುತ್ತವೆ. ನೀರು ಹಾಕಬೇಕಿಲ್ಲದ, ಮುಚ್ಚಿದ ಎಸ್‌ಎಂಎಫ್ ಜಾತಿಯದ್ದಾದರೆ ಆಸಿಡ್ ತುಳುಕುವ ಭಯವೂ ಕಡಿಮೆ.

ಲೆಕ್ಕ ಹೀಗೆ. ಸರಾಸರಿ 15 ಆಂಪಿಯರ್, ಎರಡು ತಾಸು, ಒಟ್ಟು 30 ಎಎಚ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ 60, 65 ಎಎಚ್ ಬೇಕು. ಆಟ ಮುಗಿದು ಅರ್ಧ ತಾಸು ಬಿಟ್ಟು ಮೀಟರ್ ಹಿಡಿಯಿರಿ. 12.7 ಇದ್ದರೆ ತುಂಬಿದೆ. 12.2 ಅಂದರೆ ಹತ್ತಿರ ಹತ್ತಿರ ಅರ್ಧ. 12ಕ್ಕಿಂತ ಕೆಳಗೆ ಕಂಡರೆ ನೀವು ಬ್ಯಾಟರಿಯ ಆಯಸ್ಸು ತಿನ್ನುತ್ತಿದ್ದೀರಿ.

ಖಾಲಿ ಬ್ಯಾಟರಿಯನ್ನು ಭಾನುವಾರದಿಂದ ಶನಿವಾರದವರೆಗೆ ಹಾಗೇ ಇಡಬೇಡಿ. ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ, ಆಮೇಲೆ ಏನು ಮಾಡಿದರೂ ಚಾರ್ಜ್ ಹಿಡಿಯಲ್ಲ. ಅವತ್ತೇ ರಾತ್ರಿ ಚಾರ್ಜಿಗೆ ಹಾಕಿ. 65 ಎಎಚ್‌ಗೆ 6 ಆಂಪಿಯರ್ ಚಾರ್ಜರ್ ಸಾಕು, ಅವಸರ ಬೇಡ. ನೀರು ಹಾಕುವ ಬ್ಯಾಟರಿ ಆದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಚಾರ್ಜ್ ಎಲ್ಲಿ ಮಾಡುತ್ತೀರಿ ಅಂತ ಬರೆದಿಲ್ಲ. ಇದು ನನ್ನ ಕಾಳಜಿ. ಚಾರ್ಜ್ ತುಂಬುತ್ತಾ ಬಂದಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಆದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತೆ. ಹಗುರವಾದ ಗ್ಯಾಸು, ಮೇಲಕ್ಕೆ ಹೋಗಿ ಸೂರಿನ ಕೆಳಗೆ ನಿಲ್ಲುತ್ತೆ. ಕಿಟಕಿ ಮುಚ್ಚಿದ ಸ್ಟೋರ್ ರೂಮು, ದೇವರ ದೀಪ ಇರುವ ಕೋಣೆ, ಅಡುಗೆಮನೆ ಬೇಡ. ಕ್ಲಿಪ್ ಹಾಕಿದ ಮೇಲೆ ಚಾರ್ಜರ್ ಸ್ವಿಚ್ ಹಾಕಬೇಕು. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕ್ಲಿಪ್. ನಮ್ಮ ಅಂಗಡಿಯಲ್ಲೇ ಒಮ್ಮೆ ಚಾರ್ಜ್ ಆಗುತ್ತಿದ್ದ ಬ್ಯಾಟರಿಯಿಂದ ಕ್ಲಿಪ್ ಹಾಗೇ ಎಳೆದರು. ಮೇಲಿನ ಮುಚ್ಚಳ ಒಡೆದು ಚೂರು ಛಾವಣಿಗೆ ಬಡಿಯಿತು. ಪುಣ್ಯಕ್ಕೆ ಯಾರ ಮುಖವೂ ಅದರ ಮೇಲೆ ಇರಲಿಲ್ಲ. ಅವತ್ತಿನಿಂದ ಕನ್ನಡಕ ಇಲ್ಲದೆ ನಾನು ಯಾರನ್ನೂ ಬ್ಯಾಟರಿ ಮುಟ್ಟೋಕೆ ಬಿಡಲ್ಲ.

ಆಸಿಡ್ ಚರ್ಮಕ್ಕೋ ಕಣ್ಣಿಗೋ ಬಿದ್ದರೆ ಹರಿಯುವ ನೀರಲ್ಲಿ 15, 20 ನಿಮಿಷ ತೊಳೀರಿ. ಕಣ್ಣಾದರೆ ತೊಳೆದ ಮೇಲೆ ನೇರ ಆಸ್ಪತ್ರೆಗೆ. ನೆಲಕ್ಕೆ ಬಿದ್ದರೆ ಅಡುಗೆ ಸೋಡಾ ಹಾಕಿ. ಕಣ್ಣಿಗೆ ಸೋಡಾ ಹಾಕಬೇಡಿ, ಬರೀ ನೀರು.

ಪಿಯುಸಿ_ಫಾಸ್ಟ್‌ಬೌಲರ್:

ಸರ್, ಇಷ್ಟೆಲ್ಲ ಭಾರ ಯಾಕೆ? ನಮ್ಮ ಅಣ್ಣನ ಹತ್ತಿರ ಆಕ್ಸಿಡೆಂಟ್ ಆದ ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಪ್ಯಾಕ್ ಇದೆ. ಅದನ್ನು ಬಿಚ್ಚಿ ಸೆಲ್ ತೆಗೆದು 12 ವೋಲ್ಟ್ ಆಗುವ ಹಾಗೆ ಜೋಡಿಸಬಹುದಲ್ವಾ? ವಿಡಿಯೋದಲ್ಲಿ ನೋಡಿದ್ದೇನೆ, ಸುಲಭ ಇದೆ. ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ.

ಬ್ಯಾಟರಿ_ಕೆಲಸದವ:

ಬೇಡ ತಮ್ಮಾ. ನಿನ್ನ ಉತ್ಸಾಹ ಒಳ್ಳೇದು, ಆದರೆ ಇದನ್ನು ಮಾಡಬೇಡ. ಪೆಟ್ಟು ತಿಂದ ಪ್ಯಾಕ್ ಅದು. ಸೆಲ್ ಒಳಗೆ ಪಾಸಿಟಿವ್ ನೆಗೆಟಿವ್ ಪದರಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತೆ. ಪೆಟ್ಟಿಗೆ ಅದು ಹರಿದಿದ್ದರೆ ಹೊರಗೆ ಏನೂ ಕಾಣಲ್ಲ. ಇವತ್ತು ಸುಮ್ನಿದ್ದು ನಾಳೆ ಚಾರ್ಜಿಗೆ ಹಾಕಿದಾಗ ಹೊತ್ತಿಕೊಳ್ಳಬಹುದು. ಒಂದು ಸೆಲ್ ಕಾದರೆ ಪಕ್ಕದ್ದನ್ನೂ ಕಾಯಿಸುತ್ತೆ, ಅದು ಇನ್ನೊಂದನ್ನು. ಆ ಹೊಗೆಯೂ ವಿಷ. ಇನ್ನೊಂದು ಮಾತು, ಸ್ಕೂಟರ್ ಪ್ಯಾಕ್ ಅಂದರೆ 48 ವೋಲ್ಟ್ ಅಥವಾ ಅದಕ್ಕೂ ಮೇಲೆ. ಬಿಚ್ಚುವಾಗ ಕೈ ಜಾರಿದರೆ 12 ವೋಲ್ಟಿನ ಹಾಗಲ್ಲ. ಅದನ್ನು ಮನೆ ಒಳಗೆ ಇಟ್ಟಿದ್ದರೆ ಇವತ್ತೇ ಹೊರಗಿಡೋಕೆ ಅಣ್ಣನಿಗೆ ಹೇಳು. ಒಣಹುಲ್ಲು, ಕಟ್ಟಿಗೆ ಹತ್ತಿರ ಬೇಡ. ಹಳೇ ಬ್ಯಾಟರಿ ತೆಗೆದುಕೊಳ್ಳುವ ಲೈಸೆನ್ಸ್ ಇರುವವರಿಗೆ ಕೊಟ್ಟುಬಿಡಿ.

ಲಿಥಿಯಂ ಬೇಕೇ ಬೇಕು ಅಂದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದ್ದು, ಕಂಪನಿಯಿಂದ ಸೀಲ್ ಆಗಿ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಸಮೇತ ಬಂದಿದ್ದು ತಗೊಳ್ಳಿ. ನಾಲ್ಕು ಸೆಲ್ ಸಾಲಾಗಿ, 12.8 ವೋಲ್ಟ್. ಉಳಿದ ಲಿಥಿಯಂಗಿಂತ ಇದು ಬಿಸಿ ಜಾಸ್ತಿ ತಡೆಯುತ್ತೆ. 50 ಎಎಚ್‌ದು ಆರು ಕೆಜಿ ಹತ್ತಿರ. ನೂರಕ್ಕೆ ಎಂಬತ್ತು ಪಾಲು ಬಳಸಬಹುದು. ಬೆಲೆ ಜಾಸ್ತಿ, ಆದರೆ ಬಹಳ ವರ್ಷ ಬರುತ್ತೆ. ಬಿಎಂಎಸ್ ಎಷ್ಟು ಆಂಪಿಯರ್ ಬಿಡುತ್ತೆ ಕೇಳಿ. 20 ಆಂಪಿಯರಿನದ್ದಾದರೆ ಮಷೀನ್ ಶುರುವಾಗುವಾಗಲೇ ಕಟ್ ಆಗುತ್ತೆ. 50 ಇರಲಿ.

ಎರಡು ಎಚ್ಚರಿಕೆ. ಲೆಡ್ ಆಸಿಡ್ ಚಾರ್ಜರನ್ನೇ ಇದಕ್ಕೆ ಹಾಕಬೇಡಿ. ಕೆಲವು ಚಾರ್ಜರ್‌ಗಳು ಸಲ್ಫೇಟ್ ಬಿಡಿಸೋಕೆ ಅಂತ 15 ವೋಲ್ಟ್ ದಾಟಿಸುತ್ತವೆ. ಎಲ್‌ಎಫ್‌ಪಿಗೆ 14.6 ಕೊನೆ. ಇನ್ನೊಂದು, ಇದರಲ್ಲಿ ವೋಲ್ಟ್ ಮೀಟರ್ ನಂಬಿ ಕೂತರೆ ಕೆಡುತ್ತೀರಿ. ಕೊನೆಯವರೆಗೂ 13ರ ಆಸುಪಾಸಲ್ಲೇ ನಿಂತು ದಿಢೀರ್ ಅಂತ ಬೀಳುತ್ತೆ. ಎಷ್ಟು ಎಎಚ್ ಹೊರಗೆ ಹೋಯಿತು ಅಂತ ಎಣಿಸುವ ಸಣ್ಣ ಮೀಟರ್ ಹಾಕಿಕೊಳ್ಳಿ.

ಪಿಯುಸಿ_ಫಾಸ್ಟ್‌ಬೌಲರ್:

ಸರಿ ಸರ್. ಪ್ಯಾಕ್ ನನ್ನ ಮಂಚದ ಕೆಳಗೇ ಇತ್ತು. ಈಗ ತಾನೇ ಅಣ್ಣ ಹಿತ್ತಲಿನ ಕಲ್ಲುಚಪ್ಪಡಿ ಮೇಲೆ ಇಟ್ಟು ಬಂದ.

ಮೈಸೂರು_ಕೋಚ್:

ಹದಿನೈದು ವರ್ಷದಿಂದ ಹುಡುಗಿಯರಿಗೆ ಕೋಚಿಂಗ್ ಮಾಡುತ್ತಿದ್ದೇನೆ. ನಮ್ಮ ಮಷೀನೂ ಬ್ಯಾಟರಿ ಮೇಲೆ ಓಡುತ್ತೆ. ವೈರು, ಬ್ಯಾಟರಿ ಬಗ್ಗೆ ಬಲ್ಲವರು ಹೇಳಿದರು. ನಾನು ಮೈದಾನದಲ್ಲಿ ಎಲ್ಲಿಡಬೇಕು ಅನ್ನೋದನ್ನು ಹೇಳುತ್ತೇನೆ, ಅದನ್ನು ಯಾರೂ ಯೋಚಿಸಲ್ಲ.

ಬ್ಯಾಟ್ಸ್‌ಮನ್ ಸ್ಟ್ರೇಟ್ ಡ್ರೈವ್ ಹೊಡೆದರೆ ಬಾಲ್ ಬರುವುದು ಮಷೀನ್ ಕಡೆಗೇ. ಬ್ಯಾಟರಿಯನ್ನು ಮಷೀನ್ ಮುಂದೆ ಅಥವಾ ಪಕ್ಕದಲ್ಲಿ ಬಿಟ್ಟಿದ್ದರೆ ಲೆದರ್ ಬಾಲ್ ನೇರವಾಗಿ ಟರ್ಮಿನಲ್‌ಗೇ ಬಡಿಯುತ್ತೆ. ನಮ್ಮಲ್ಲಿ ಹಾಗಾಗಿ ಬ್ಯಾಟರಿಯ ಮೂಲೆ ಸೀಳಿತ್ತು. ಆಸಿಡ್ ಇಳಿದ ಜಾಗದಲ್ಲಿ ಎರಡು ಮಳೆಗಾಲ ಹುಲ್ಲು ಬರಲಿಲ್ಲ. ಈಗ ಹಲಗೆಯ ಪೆಟ್ಟಿಗೆ ಮಾಡಿಸಿದ್ದೇವೆ. ಮೇಲೆ ಮುಚ್ಚಳ, ಎರಡು ಪಕ್ಕ ಗಾಳಿಗೆ ತೂತು, ಒಳಗೆ ಬೆಲ್ಟ್ ಕಟ್ಟಿ ಅಲ್ಲಾಡದ ಹಾಗೆ. ಅದು ಮಷೀನಿನ ಹಿಂದೆ, ಬಾಲ್ ಹಾಕುವವರ ಎಡಗಾಲ ಪಕ್ಕ ಇರುತ್ತೆ. ಮುಂದೆ ಕಾವಲು ನೆಟ್.

ಎಡಗಾಲ ಪಕ್ಕ ಯಾಕೆ ಅಂದರೆ ಬಗ್ಗಿದ ಕೂಡಲೇ ಕನೆಕ್ಟರ್ ಕೈಗೆ ಸಿಗಬೇಕು. ಮೊಸಳೆ ಕ್ಲಿಪ್ ಹಾಕಬೇಡಿ. ಮಷೀನ್ ಅದುರಿ ಅದುರಿ ಕಳಚಿಕೊಳ್ಳುತ್ತೆ, ಕಿಡಿ ಹಾರುತ್ತೆ. ಫೋರ್ಕ್‌ಲಿಫ್ಟ್‌ನಲ್ಲಿ ಬಳಸುವ ಬೂದು ಬಣ್ಣದ 50 ಆಂಪಿಯರ್ ಆಂಡರ್ಸನ್ ಕನೆಕ್ಟರ್ ಬರುತ್ತೆ. ತಿರುವುಮುರುವು ಹಾಕೋಕೆ ಬರಲ್ಲ. ಒಂದೇ ಎಳೆತಕ್ಕೆ ಬಿಡಿಸಬಹುದು. ಚಕ್ರದಲ್ಲಿ ಬಾಲ್ ಸಿಕ್ಕಿಕೊಂಡರೆ ನಮ್ಮ ನಿಯಮ ಒಂದೇ. ಮೊದಲು ಸ್ವಿಚ್ ಆಫ್, ಆಮೇಲೆ ಕನೆಕ್ಟರ್ ಎಳೆಯಿರಿ, ಚಕ್ರ ಪೂರ್ತಿ ನಿಲ್ಲುವವರೆಗೆ ಕೈ ಬೆನ್ನ ಹಿಂದೆ. ಕರೆಂಟ್ ಹೋದ ಮೇಲೂ ಚಕ್ರ ತಿರುಗುತ್ತಲೇ ಇರುತ್ತೆ. ನಮ್ಮ ಹುಡುಗಿಯರು ಚಕ್ರದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೆರೆ ನಿಂತದ್ದು ಕಂಡರೆ ಮಾತ್ರ ಕೈ ಹಾಕೋದು.

ಇನ್ನೂ ಒಂದಿದೆ. ಬ್ಯಾಟರಿ ಇಳಿದಾಗ ಬಾಲ್ ನಿಧಾನ ಆಗುತ್ತೆ, ಹುಡುಗರು ಡಯಲ್ ಏರಿಸುತ್ತಾರೆ ಅಂದಿರಿ. ದಯವಿಟ್ಟು ಅದಕ್ಕೆ ಬಿಡಬೇಡಿ. ಆಮೇಲೆ ಯಾರಾದರೂ ತುಂಬಿದ ಬ್ಯಾಟರಿ ಹಾಕುತ್ತಾರೆ, ಡಯಲ್ ಅಲ್ಲೇ ಇರುತ್ತೆ. ಹತ್ತು ವರ್ಷದ ಮಗುವಿಗೆ ಮೊದಲ ಬಾಲೇ ಎದೆಗೆ ಬರುತ್ತೆ. ಬ್ಯಾಟರಿ ಬದಲಿಸಿದ ಪ್ರತಿ ಸಲ ಡಯಲ್ ಸೊನ್ನೆಗೆ ತನ್ನಿ. ಬ್ಯಾಟ್ಸ್‌ಮನ್ ಇಲ್ಲದೆ ಐದಾರು ಬಾಲ್ ಬಿಟ್ಟು ನೋಡಿ, ಆಮೇಲೆ ಮಕ್ಕಳನ್ನು ನಿಲ್ಲಿಸಿ.

ಹೊಲದಂಚಿನ_ಪಿಚ್:

ಮೇಡಂ, ಇದು ನಮ್ಮ ತಲೆಗೇ ಬಂದಿರಲಿಲ್ಲ. ಬಹಳ ಉಪಕಾರ ಆಯಿತು. ಇನ್ವರ್ಟರ್ ಪ್ರಶ್ನೆ ಹಾಗೇ ಉಳಿದಿದೆ. ಪಕ್ಕದ ಊರಿನವರದ್ದು 230 ವೋಲ್ಟ್ ಮಷೀನ್. ಅವರು ಮನೆ ಇನ್ವರ್ಟರ್, ಬ್ಯಾಟರಿ ಎರಡನ್ನೂ ಗಾಡಿಯಲ್ಲಿ ತಂದು ನಡೆಸುತ್ತಿದ್ದಾರೆ.

ವೈರ್‌ಮನ್_ತುಮಕೂರು:

ನಿಮ್ಮ ಮಷೀನ್ 12 ವೋಲ್ಟ್ ಆಗಿರುವುದೇ ಭಾಗ್ಯ, ಅದನ್ನು ಬಿಡಬೇಡಿ. ಇನ್ವರ್ಟರ್ ಹೊರಗೆ ಕೊಡೋದು 230 ವೋಲ್ಟ್. ಬೆಳಗಿನ ಇಬ್ಬನಿ ಹುಲ್ಲು, ಬೆವರಿದ ಕೈ, ಬರಿಗಾಲಿನ ಮಕ್ಕಳು. ದೇಹದ ಮೂಲಕ 30 ಮಿಲಿಆಂಪಿಯರ್ ದಾಟಿದರೆ ಜೀವಕ್ಕೇ ಅಪಾಯ. ಮನೆಯಲ್ಲಾದರೆ ಅರ್ಥಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಕಟ್ ಮಾಡುವ ಸ್ವಿಚ್) ಕಾಯುತ್ತವೆ. ಮೈದಾನಕ್ಕೆ ತಂದ ಇನ್ವರ್ಟರಿಗೆ ಅರ್ಥ್ ಇರಲ್ಲ, ನ್ಯೂಟ್ರಲ್ಲೂ ಭೂಮಿಗೆ ಕಟ್ಟಿರಲ್ಲ. ಹಾಗಿದ್ದಾಗ ಸುಮ್ನೆ ಒಂದು ಆರ್‌ಸಿಸಿಬಿ ತಂದು ಹಾಕಿದರೂ ಅದು ಕೆಲಸ ಮಾಡುತ್ತೆ ಅನ್ನೋ ಭರವಸೆ ಇಲ್ಲ. ಪಕ್ಕದ ಊರಿನವರಿಗೆ ದಯವಿಟ್ಟು ಹೇಳಿ, ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆದು ತೋರಿಸೋವರೆಗೆ ನಿಲ್ಲಿಸಿ ಅಂತ. ಬೆಳಗ್ಗೆ ಇಬ್ಬನಿ ಹೊತ್ತಲ್ಲಂತೂ ಬೇಡ.

ಕಲಬುರಗಿ_ಬಿಸಿಲು:

ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತೆ. ನಾವು ಬ್ಯಾಟರಿಯನ್ನು ಬಿಸಿಲಲ್ಲೇ ಇಡುತ್ತಿದ್ದೆವು, ಎರಡು ಬೇಸಿಗೆಗೆ ಹೋಯಿತು. 25 ಡಿಗ್ರಿ ಮೇಲೆ ಪ್ರತಿ ಹತ್ತು ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತಂತೆ, ಅಂಗಡಿಯವರು ಹೇಳಿದ್ದು. ಈಗ ಪೆಟ್ಟಿಗೆ ಮೇಲೆ ಒದ್ದೆ ಮಾಡದ ಗೋಣಿಚೀಲ ಹೊದಿಸಿ ಬೇವಿನ ನೆರಳಲ್ಲಿ ಇಡುತ್ತೇವೆ. ಆಟ ಮುಗಿದ ಕೂಡಲೇ ಚಾರ್ಜಿಗೆ ಹಾಕಲ್ಲ, ಒಂದು ತಾಸು ಆರೋಕೆ ಬಿಡುತ್ತೇವೆ.

ಬ್ಯಾಟರಿ_ಕೆಲಸದವ:

ಅಂಗಡಿಯವರು ಹೇಳಿದ್ದು ಸರಿ ಇದೆ. ಎಲ್‌ಎಫ್‌ಪಿಯನ್ನೂ ಮೈ ಕಾದಿದ್ದಾಗ ಚಾರ್ಜಿಗೆ ಹಾಕಬಾರದು. ಸಾಮಾನ್ಯವಾಗಿ 45 ಡಿಗ್ರಿ ಅದಕ್ಕೆ ಗಡಿ.

ಮೆಲ್ಬರ್ನ್_ಕನ್ನಡಿಗ:

ರಜೆಗೆ ಊರಿಗೆ ಬರುವಾಗ ನಿಮ್ಮ ಕ್ಲಬ್ಬಿಗೆ ಒಂದು ಲಿಥಿಯಂ ಬ್ಯಾಟರಿ ತರೋಣ ಅಂದುಕೊಂಡಿದ್ದೆ. ವಿಚಾರಿಸಿದೆ, ಆಗಲ್ಲ. ವಿಮಾನದಲ್ಲಿ ಪ್ರಯಾಣಿಕರು 100 ವ್ಯಾಟ್ ಅವರ್‌ವರೆಗಿನದ್ದು ಒಯ್ಯಬಹುದು, ಏರ್‌ಲೈನ್ ಒಪ್ಪಿದರೆ 160ರವರೆಗೆ. 12.8 ವೋಲ್ಟ್ 50 ಎಎಚ್ ಅಂದರೆ 640 ಆಯಿತು. ಬದಲಿಗೆ ಡಿಸಿ ಕ್ಲ್ಯಾಂಪ್ ಮೀಟರ್ ತರುತ್ತೇನೆ. ಅದು ನಿಮ್ಮ ಊರಲ್ಲೇ ಇರಲಿ.

ಹೊಲದಂಚಿನ_ಪಿಚ್:

ಮೂರು ವಾರ ಆಯಿತು. ಏನೇನು ಮಾಡಿದೆವು ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಮೆಲ್ಬರ್ನ್ ಅಣ್ಣ ಬರುವ ಮೊದಲೇ ಸೋಲಾರ್ ಕೆಲಸದವರೊಬ್ಬರು ಮೀಟರ್ ತಂದು ಅಳೆದು ಕೊಟ್ಟರು. ಶುರುವಾಗುವಾಗ ಒಂದು ಕ್ಷಣ 36 ಆಂಪಿಯರ್, ಸುಮ್ನೆ ತಿರುಗುವಾಗ 13, ಬಾಲ್ ಬಿಟ್ಟಾಗ 21. 30 ಆಂಪಿಯರ್ ಬ್ಲೇಡ್ ಫ್ಯೂಸ್ ಹಾಕಿದ್ದೇವೆ, ಟರ್ಮಿನಲ್‌ನಿಂದ ನಾಲ್ಕು ಬೆರಳು ದೂರದಲ್ಲಿ. ಇಲ್ಲಿವರೆಗೆ ಒಮ್ಮೆಯೂ ಹೋಗಿಲ್ಲ. ವೈರ್ 6 ಸ್ಕ್ವೇರ್ ಎಂಎಂ, ಎರಡೂವರೆ ಮೀಟರ್. ವೈರಿನ ತುದಿಗೆ ಲಗ್ (ಟರ್ಮಿನಲ್‌ಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿಸಿ ಕ್ರಿಂಪ್ ಮಾಡಿಸಿದೆವು. ಒಂದು ತಾಸು ಆಡಿದ ಮೇಲೆ ವೈರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಒಂದು ಲಗ್ ಮಾತ್ರ ಬೆಚ್ಚಗಿತ್ತು. ಬಿಚ್ಚಿ ನೋಡಿದರೆ ಕ್ರಿಂಪ್ ಸಡಿಲ. ಮತ್ತೆ ಒತ್ತಿಸಿದೆವು.

ಬ್ಯಾಟರಿ 65 ಎಎಚ್ ಎಸ್‌ಎಂಎಫ್, ಸೋಲಾರ್‌ನದ್ದು. ಲಿಥಿಯಂಗೆ ದುಡ್ಡು ಸಾಲಲಿಲ್ಲ. ಎರಡು ತಾಸು ಆಡಿ, ಅರ್ಧ ತಾಸು ಬಿಟ್ಟು ನೋಡಿದರೆ 12.3. ಚಾರ್ಜ್ ಶಾಲೆಯ ವರಾಂಡದಲ್ಲಿ, ಹೊರಗೋಡೆಯ ಪಕ್ಕ. ಪೆಟ್ಟಿಗೆಯನ್ನು ಊರಿನ ಬಡಿಗೇರರು ದುಡ್ಡು ತಗೊಳ್ಳದೆ ಮಾಡಿಕೊಟ್ಟರು. ಪಕ್ಕದ ಊರಿನವರಿಗೂ ಹೇಳಿದೆ. ಅವರು ನಿಲ್ಲಿಸಿದ್ದಾರೆ, ಈಗ ಭಾನುವಾರ ನಮ್ಮಲ್ಲಿಗೇ ಬರುತ್ತಾರೆ.

ಒಂದೇ ಪ್ರಶ್ನೆ ಉಳಿದಿದೆ. ಮನೆಯಲ್ಲಿ ಬಿದ್ದಿದ್ದ 32 ಆಂಪಿಯರ್ ಎಂಸಿಬಿಯನ್ನು (ಲೋಡ್ ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್) ಸ್ವಿಚ್ ಥರ ಹಾಕಬಹುದಾ?

ವೈರ್‌ಮನ್_ತುಮಕೂರು:

ಮನೆಯದ್ದು ಎಸಿಗೆ ಮಾಡಿದ್ದು, ಬೇಡ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನಾಗೇ ಆರುತ್ತೆ. ಡಿಸಿ ಹಾಗೆ ಸೊನ್ನೆಗೆ ಬರಲ್ಲ, ಕಿಡಿ ಸುಲಭಕ್ಕೆ ಆರಲ್ಲ. ಕೋಚ್ ಮೇಡಂ ಹೇಳಿದ ಕನೆಕ್ಟರೇ ಸಾಕು. ಸ್ವಿಚ್ ಬೇಕೇ ಬೇಕು ಅಂದರೆ ಲಾರಿಗೆ ಹಾಕುವ ಬ್ಯಾಟರಿ ಕಟ್‌ಆಫ್ ತಗೊಳ್ಳಿ, ಅಥವಾ ಸೋಲಾರ್ ಅಂಗಡಿಯಲ್ಲಿ ಡಿಸಿ ಅಂತ ಬರೆದಿರುವ ಎಂಸಿಬಿ. ಅದರಲ್ಲಿ ಪ್ಲಸ್ ಮೈನಸ್ ಗುರುತು ಇದ್ದರೆ ನೋಡಿ ಹಾಕಿ. ಮತ್ತೆ ಆ ಸ್ಪ್ಯಾನರಿನ ಹಿಡಿಗೆ ತುದಿಯವರೆಗೆ ಇನ್ಸುಲೇಶನ್ ಟೇಪ್ ಸುತ್ತಿಬಿಡಿ, ಬಾಯಿ ಮಾತ್ರ ಬಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ.

ಹೊಲದಂಚಿನ_ಪಿಚ್:

ಹೊಸ ಸ್ಪ್ಯಾನರಿಗೆ ಸುತ್ತಿದೆವು ಅಣ್ಣ. ಗುಳಿ ಬಿದ್ದ ಹಳೇದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ತಂತಿಯಿಂದ ಕಟ್ಟಿದ್ದೇವೆ. ಮುಚ್ಚಳ ತೆಗೆದ ಪ್ರತಿ ಹುಡುಗನೂ ಇದೇನು ಅಂತ ಕೇಳುತ್ತಾನೆ. ಅವತ್ತು ಕಟ್ಟಿಗೆಯಿಂದ ಬಿಡಿಸಿದ ಹುಡುಗನೇ ಅವರಿಗೆಲ್ಲ ಹೇಳುತ್ತಾನೆ.